ಜೇನಿಗೆ ಜಾಗ ಮಾಡಿಕೊಟ್ಟ ದುಂಡ

ನಗಬ್ಯಾಡ್ರಪ್ಪಾ, ನಗೋರ ಮನೇಲೂ ಇಂಥವನೊಬ್ಬ ಇರ್ತಾನೆ. ಚಿಕ್ಕತಾಯಮ್ಮ ಅಂತ ಒಬ್ಬ ಗಂಡನಿಲ್ಲದ ಹೆಂಗಸು. ಅವಳಿಗೊಬ್ಬ ಮಗ, ದುಂಡ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲೆತ್ತರ. ಇಬ್ಬರ ಹೊಟ್ಟೆಗೂ ಹಿತ್ತಲಲ್ಲಿದ್ದ ಒಂದೇ ಒಂದು ಜೇನುಪೆಟ್ಟಿಗೆ ಗತಿ.

ಆ ಪೆಟ್ಟಿಗೆ ತುಂಬಾ ಮರಿ. ರಾಣಿಗೆ ಮೊಟ್ಟೆ ಇಡೋಕೆ ಜಾಗ ಇಲ್ಲ. ಜಾಗ ಸಾಲದಿದ್ರೆ ಜೇನು ಹಾರಿಹೋಗ್ತದೆ. ಅವ್ವನೋ, ಕಾಲು ಉಳುಕಿ ಮಂಚ ಹಿಡಿದಿದ್ಲು.

"ಲೋ ಮಗ, ಪೆಟ್ಟಿಗೆಗೆ ಒಂದು ಖಾಲಿ ಚೌಕಟ್ಟು ಇಟ್ಟು ಬಾರೋ. ಅದರಲ್ಲಿ ಹುಳ ಹೊಸ ಮೇಣದ ಎರಿ ಕಟ್ಕೋತವೆ."

ಹೋದ, ಇಟ್ಟ, ಬಂದ.

"ಎಲ್ಲಿಟ್ಟೆ?"

"ಮುಚ್ಚಳದ ಮೇಲೆ!"

ಅಷ್ಟರಲ್ಲಿ ಆಡು ಹತ್ತಿ ಚೌಕಟ್ಟು ಮುರಿದಿತ್ತು.

"ಅಯ್ಯೋ ಪೆದ್ದೇ! ತೆಗೆದು ಒಳಗಿಡಬೇಕು ಕಣೋ! ತೆಗೆಯೋಕೆ ಮುಂಚೆ ಹೊಗೆ ಹಾಕು, ಒಳಗಿರೋರು ಮೆತ್ತಗಾಗ್ತಾರೆ. ಹೋಗು, ಆಚಾರಿ ಮನೆಯಿಂದ ಇನ್ನೊಂದು ಚೌಕಟ್ಟು ತಾ."

ಆಚಾರಿ ಮನೆ ಬಾಗಿಲು ಹಾಕಿತ್ತು. ದುಂಡ ತೆಂಗಿನ ನಾರು ಹಚ್ಚಿ ಬಾಗಿಲ ಸಂದಿಗೆ ಊದಿದ, ಊದಿದ, ಊದೇ ಊದಿದ. ಮನೆಮಂದಿಯೆಲ್ಲ ಕೆಮ್ಮುತ್ತಾ ಹೊರಗೆ ಬಿದ್ದರು! ಆಚಾರಿ ಬೆನ್ನಿಗೆರಡು ಬಿಗಿದು, "ಹಿಡಿ ನಿನ್ನ ಚೌಕಟ್ಟು, ತೊಲಗು!" ಅಂದ.

ಸುದ್ದಿ ಕೇಳಿ ಅವ್ವ ಕೂಗಿಕೊಂಡಳು, "ಮನೆಗೆ ಹೊಗೆ ಹಾಕ್ತಾರೇನೋ! ಹೆತ್ತ ಹೊಟ್ಟೆ ಉರೀತದೆ! ಬಾಗಿಲು ತಟ್ಟಿ, ಮನೆಯೊಡತಿ ಬಾ ಅಂದಮೇಲೆ ಒಳಗೆ ಹೋಗ್ಬೇಕು."

ಹಿತ್ತಲಿಗೆ ಹೋದ. ಪೆಟ್ಟಿಗೆ ತಟ್ಟಿದ. "ರಾಣವ್ವಾ, ಬರ್ಲಾ?" ಗುದ್ದಿದ. "ರಾಣವ್ವಾ, ಬರ್ಲಾ?" ಮಧ್ಯಾಹ್ನದವರೆಗೂ ಗುದ್ದಿದ. ಜೇನಿಗೂ ಸಾಕಾಯ್ತು. ಸಂಸಾರ ಸಮೇತ ಎದ್ದು, ಸೀಬೆ ಗಿಡದ ಕೊಂಬೆಗೆ ಜೋತುಬಿತ್ತು.

"ಅವ್ವಾ, ಅವಳು ಬಾ ಅನ್ನಲೇ ಇಲ್ಲ. ಅವಳೇ ಹೊರಟ್ಲು!"

ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಮ್ಮ ಅನ್ನ ಹೋಯ್ತಲ್ಲೋ! ಓಡು, ಕೊಂಬೆ ಸಮೇತ ಮೆತ್ತಗೆ ಇಳಿಸು. ಜಾಗ ಜಾಸ್ತಿ ಇರೋ ಕಡೆ ಇಡು. ಯಾರೂ ಅಡ್ಡ ಇರಬಾರದು!"

ದುಂಡ ಯೋಚನೆ ಮಾಡಿದ. ಜಾಗ ಜಾಸ್ತಿ ಇರೋದು ಮನೇಲಿ. ಅಡ್ಡ ಇರೋಳು ಅವ್ವ. ಮಂಚ ಸಮೇತ ಅವಳನ್ನ ಬೀದಿಗೆ ಎಳೆದ. ಮಡಕೆ, ಚಾಪೆ, ಒನಕೆ ಎಲ್ಲಾ ಹೊರಗೆಸೆದ. ಕೊಂಬೆ ತಂದು ತೊಲೆಗೆ ಕಟ್ಟಿ, ಬಾಗಿಲು ಹಾಕಿದ.

"ಇದ್ದೊಂದು ಮನೆನೂ ಕಳೆದ್ಯಲ್ಲೋ! ನಾವೆಲ್ಲೋ ಬಾಳೋದು?" ಅವ್ವ ಬೀದೀಲೇ ಗೋಳೋ ಅಂದಳು.

"ಅಳಬ್ಯಾಡ ಸುಮ್ಕಿರವ್ವ. ಇನ್ನೂ ಮರಿ ಆಗ್ತವೆ. ಈ ಮನೆನೂ ಸಾಲಕ್ಕಿಲ್ಲ" ಅಂತ ಎದ್ದು ಹೋದ.

ಒಂದು ಗಳಿಗೆ ಆಗಿಲ್ಲ, ಪಕ್ಕದ ಮನೆ ಮಂಚ ದರದರ ಅಂತ ಬೀದಿಗೆ ಬಂತು. ಮಂಚದ ಮೇಲೆ ಗೊರಕೆ ಹೊಡೀತಾ ಊರ ಯಜಮಾನ ಪಟೇಲಪ್ಪ!