ತಕ್ಕಡಿಯ ಖಾಲಿ ತಟ್ಟೆ

"ಬುದ್ಧಿ, ಪೇಟೆಬೀದಿಯ ಖಾಲಿ ಅಂಗಡಿಯ ಬಾಗಿಲ ಹಲಗೆಗಳ ಮೇಲೆ ನಾನೊಂದು ಚಿತ್ರ ಬರೆದಿದ್ದೆ. ಅಂಗಡಿಗೆ ಈಗ ಬಾಡಿಗೆಯವರು ಸಿಕ್ಕಿದ್ದಾರೆ, ನಾಳೆ ಹಲಗೆ ತೆಗೆಯುತ್ತಾರೆ. ಊರೆಲ್ಲ ನಿಂತು ನೋಡುವ ಚಿತ್ರ. ಹಾಗೇ ಇರಲಿ ಎಂದು ಮಾಲೀಕರಿಗೆ ತಾವೊಂದು ಮಾತು ಹೇಳಬಾರದೇ?"

ಕೇಳಿದವನು ಶಿಷ್ಯ ಮರಿಮಲ್ಲ. ಮಾಲೀಕ ಮಠದ ಭಕ್ತ, ಗುರುಗಳು ಹೇಳಿದರೆ ಇಲ್ಲವೆನ್ನುವವನಲ್ಲ. ಅದನ್ನು ನೆಚ್ಚಿಕೊಂಡೇ ಅವನು ಬಂದಿದ್ದ.

ಗುರುಗಳು ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಹೇಳತೊಡಗಿದರು.

ಒಬ್ಬ ವರ್ತಕನಿಗೆ ಒಂದು ಅಂಗಡಿಯಿತ್ತು. ಅದನ್ನು ಬಾಡಿಗೆಗೆ ಹಿಡಿದ ಇಬ್ಬರೂ ದಿವಾಳಿಯೆದ್ದರು. ಮೂರನೆಯವನು ಬರಲಿಲ್ಲ. ಜನ ಆ ಕಡೆ ತಲೆ ಎತ್ತಿಯೂ ನೋಡದೆ ಎದುರು ಸಾಲಿನಲ್ಲೇ ನಡೆಯುತ್ತಿದ್ದರು. ಒಬ್ಬ ಚಿತ್ರಗಾರ ಬಂದು, ಹಾಕಿದ ಬಾಗಿಲ ಮೇಲೆ ಚಿತ್ರ ಬರೆಯಲೇ ಎಂದು ಕೇಳಿದ.

"ಬರೆದುಕೋ. ಬಾಡಿಗೆಗೆ ಯಾರಾದರೂ ಬಂದ ದಿನ ತಕರಾರು ತೆಗೆಯಬಾರದು ಅಷ್ಟೇ," ಎಂದ ವರ್ತಕ.

ಚಿತ್ರಗಾರ ಮುಚ್ಚಿದ ಅಂಗಡಿಯ ಮೇಲೆ ತೆರೆದ ಅಂಗಡಿಯನ್ನು ಬರೆದ. ಅಂಗಡಿಯವನು ತಕ್ಕಡಿ ಎತ್ತಿ ಹಿಡಿದಿದ್ದಾನೆ. ಒಂದು ತಟ್ಟೆಯಲ್ಲಿ ತೂಕದ ಕಲ್ಲು. ಇನ್ನೊಂದು ತಟ್ಟೆ ಖಾಲಿ. ಆದರೂ ಎರಡೂ ಸಮನಾಗಿ ನಿಂತಿವೆ.

ಜನ ಬೀದಿ ದಾಟಿ ಬಂದು ನೋಡತೊಡಗಿದರು. ಇವನು ತೂಗುತ್ತಿರುವುದಾದರೂ ಏನು? ಗಾಳಿ, ಎಂದ ಒಬ್ಬ. "ನಮ್ಮ ಅಂಗಡಿಯವನೇ ಕಣಪ್ಪ ಇವನು, ದಿನಾ ನನಗೆ ಕೊಡೋದು ಇಷ್ಟೇ," ಎಂದಳು ಒಬ್ಬ ಮುದುಕಿ. ಚಿತ್ರಗಾರನನ್ನು ಕೇಳಿದರೆ ಸುಮ್ಮನೆ ನಗುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ.

ನಿಂತ ಗುಂಪನ್ನು ಕಂಡು ಒಬ್ಬ ದಿನಸಿ ವ್ಯಾಪಾರಿ ಅಂಗಡಿ ಹಿಡಿದ. ಚಿತ್ರಗಾರ ವರ್ತಕನ ಬಳಿಗೆ ಓಡಿದ. ವ್ಯಾಪಾರಿಗೆ ಬೇರೆ ಮಳಿಗೆ ಕೊಡಿ, ಈ ಹಲಗೆ ಮುಟ್ಟಬೇಡಿ ಎಂದು ಬೇಡಿದ.

"ಜನರನ್ನು ಕರೆದವನು ನೀನು. ಈಗ ಬಾಗಿಲು ತೆಗೆಯಬೇಡ ಅಂತೀಯಲ್ಲಯ್ಯ," ಎಂದ ವರ್ತಕ.

ಮರುಬೆಳಗ್ಗೆ ವ್ಯಾಪಾರಿ ಹಲಗೆಗಳನ್ನು ಒಂದೊಂದಾಗಿ ಬಿಡಿಸಿ ಗೋಡೆಗೆ ಒರಗಿಸಿದ. ಚಿತ್ರದ ಅಂಗಡಿಯವನ ಕೈ ಒಂದು ಕಡೆಯಾಯಿತು, ಮುಖ ಇನ್ನೊಂದು ಕಡೆ. ಚಿತ್ರಗಾರ ಎದುರು ಜಗಲಿಯಲ್ಲಿ ನಿಂತು ನೋಡುತ್ತಿದ್ದ. ಚಿತ್ರವಿದ್ದ ಜಾಗದಲ್ಲೇ ವ್ಯಾಪಾರಿ ಕೂತು ತಕ್ಕಡಿ ಎತ್ತಿದ. ಬೋಣಿಗೆ ಯಾರೋ ಬಂದರು. ಖಾಲಿ ತಟ್ಟೆಗೆ ಏನೋ ಬಿತ್ತು. ಚಿತ್ರಗಾರ ಜಗಲಿ ಇಳಿದ. ಬೀದಿ ದಾಟಿದ. ಬಗ್ಗಿ ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿ ಹೊಸೆದ ಬತ್ತಿಗಳನ್ನು ಎತ್ತಿಟ್ಟರು.

"ತಟ್ಟೆಯಲ್ಲಿ ಏನಿತ್ತು ಬುದ್ಧಿ?"

"ನಾಳೆ ಆ ಅಂಗಡಿಯಲ್ಲಿ ಬೋಣಿ ನೀನೇ ಮಾಡು, ನೋಡಿಕೊಂಡು ಬಾ."

ಮರಿಮಲ್ಲ ಮತ್ತೆ ಮಾಲೀಕನ ಮಾತೆತ್ತಲಿಲ್ಲ.