ಬಿರುಕು ಮುಚ್ಚಿದ ಲಾರಿ

"ಗುರುಗಳೇ, ಈಚೆಗೆ ಯಾರು ಏನು ಹೇಳಿದರೂ ಅದರಲ್ಲಿ ಸುಳ್ಳಿದೆ ಅನ್ನಿಸುತ್ತದೆ. ಜನ ಕೆಟ್ಟರೋ, ನನ್ನ ಬುದ್ಧಿ ಕೆಟ್ಟಿತೋ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಲಾರಿ ಮಾಲೀಕನಿದ್ದ. ಹತ್ತು ವರ್ಷ ಜಲ್ಲಿ ಹೊತ್ತ ಲಾರಿ ಅವನದು, ತಾನೇ ಓಡಿಸುತ್ತಿದ್ದ. ಅವನಿಗೆ ಉದ್ದನೆಯ ಕಬ್ಬಿಣದ ತೊಲೆಗಳನ್ನು ಸಾಗಿಸುವ ಕೆಲಸ ಸಿಕ್ಕಿತು. ಅದಕ್ಕೆ ಟ್ರೇಲರ್ ಎಳೆಯುವ ಗಾಡಿ ಬೇಕು. ಇದ್ದ ಲಾರಿಯನ್ನು ಮಾರಿ ಅಂಥದೊಂದು ಹಳೆಯ ಗಾಡಿ ಕೊಳ್ಳೋಣ ಎಂದುಕೊಂಡ. ಲಾರಿಯ ಚಾಸಿಯಲ್ಲಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನಲ್ಲಿ, ಬಿರುಕಿತ್ತು. ಮೇಲೆಮೇಲಷ್ಟೇ ಬೆಸುಗೆ ಹಾಕಿಸಿ, ಬಣ್ಣ ಬಳಿದು, ನೋಡಲು ಬಂದವರಿಗೆ "ಒಂದು ಗೀರೂ ಇಲ್ಲ" ಎಂದ. ನೋಡಿಹೋದವರು ತಿರುಗಿ ಬರಲಿಲ್ಲ.

ಆ ಸುಳ್ಳು ಹೇಳಿದಂದಿನಿಂದ ಅವನ ನೋಟವೇ ಬದಲಾಯಿತು. ಯಾವ ಗಾಡಿ ನೋಡಲು ಹೋದರೂ ಮೊದಲು ಉಗುರಿನಿಂದ ಬಣ್ಣ ಕೆರೆಯುವನು. ಮಾರುವವನು ನಕ್ಕರೆ ಏಕೆ ನಕ್ಕ, ನಗದಿದ್ದರೆ ಏಕೆ ನಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವನು.

ಕೊನೆಗೆ ಗಂಡ ತೀರಿಕೊಂಡ ಒಬ್ಬ ಹೆಂಗಸಿನ ಮನೆಗೆ ಹೋದ. ಗಂಡ ಓಡಿಸುತ್ತಿದ್ದ ಟ್ರೇಲರ್ ಗಾಡಿ ಅಂಗಳದಲ್ಲಿ ನಿಂತಿತ್ತು.

"ಅಣ್ಣಾ, ಮೂರನೇ ಗೇರ್ ಒಮ್ಮೊಮ್ಮೆ ಕಳಚಿಕೊಳ್ಳುತ್ತದೆ. ರಿಪೇರಿ ಮಾಡಿಸಬೇಕು. ಉಳಿದದ್ದು ಗಟ್ಟಿಯಾಗಿದೆ. ಬೇಕಾದರೆ ನಿಮ್ಮ ಮೆಕ್ಯಾನಿಕ್ಕನ್ನು ಕರೆತಂದು ತೋರಿಸಿ" ಎಂದಳು.

ಮಾಲೀಕನಿಗೆ ಗುಮಾನಿ ಎದ್ದಿತು. ತನ್ನ ಗಾಡಿಯ ಹುಳುಕನ್ನು ತಾನೇ ಹೇಳುವವರು ಎಲ್ಲಿದ್ದಾರೆ? ಚಿಕ್ಕದನ್ನು ಹೇಳಿ ದೊಡ್ಡದನ್ನು ಮುಚ್ಚುತ್ತಿದ್ದಾಳೆ. ನಾಳೆ ಬರುತ್ತೇನೆ ಎಂದವನು ಆ ಬೀದಿಗೆ ಮತ್ತೆ ಕಾಲಿಡಲಿಲ್ಲ.

ನಂಬಿದರೆ ನನ್ನ ಲಾರಿಯನ್ನೇ ನಂಬುತ್ತೇನೆ ಎಂದು ಅದನ್ನು ಗ್ಯಾರೇಜಿಗೆ ಒಯ್ದ. ಹಿಂದಿನ ತೊಟ್ಟಿ ಬಿಚ್ಚಿ ಟ್ರೇಲರ್ ಕೊಂಡಿ ಕೂರಿಸು ಎಂದ. ಮೆಕ್ಯಾನಿಕ್ ಅಡಿಗೆ ನುಸುಳಿ ನೋಡಿ ಹೊರಬಂದ.

"ಚಾಸಿ ಬಿರಿದಿದೆ, ಸಾಹುಕಾರರೇ. ಟ್ರೇಲರ್ ಭಾರ ತಡೆಯುವುದಿಲ್ಲ. ನಾನು ಈ ಕೆಲಸ ಮುಟ್ಟುವುದಿಲ್ಲ."

ಬಿರುಕಿನ ವಿಷಯ ಮಾಲೀಕನಿಗೆ ಗೊತ್ತೇ ಇತ್ತು. ಆದರೂ, ಹಳೆಯ ಗಾಡಿ ಮಾರುವವರೊಂದಿಗೆ ಇವನು ಸೇರಿಕೊಂಡಿದ್ದಾನೆ ಎಂದುಕೊಂಡ. ಏನೂ ಕೇಳದೆ ಕೆಲಸ ಮಾಡುವ ಇನ್ನೊಬ್ಬನನ್ನು ಹುಡುಕಿ ಕೊಂಡಿ ಕೂರಿಸಿಕೊಂಡ.

ಮೊದಲ ಸಲ ಹೊರಟಾಗಲೇ, ಒಂದು ಏರಿನಲ್ಲಿ ಚಾಸಿ ಮುರಿಯಿತು. ಗಾಡಿ ಮಗುಚಿತು. ಮಾಲೀಕನ ಕಾಲು ಅಡಿಗೆ ಸಿಕ್ಕಿ ಜಜ್ಜಿಹೋಯಿತು.

ಆಸ್ಪತ್ರೆಯಲ್ಲಿ ವೈದ್ಯರು, ಕಾಲು ತೆಗೆಯದಿದ್ದರೆ ಜೀವ ಉಳಿಯದು ಎಂದರು. ಅವನು ಹೆಂಡತಿಯನ್ನು ಹತ್ತಿರ ಕರೆದು, "ಇವರು ಹೇಳುವುದು ನಿಜವೇನೇ? ಬೇರೆಯವರನ್ನು ಕೇಳು" ಎಂದು ಪಿಸುಗುಟ್ಟಿದ. ಅವಳು ಮೂವರನ್ನು ಕೇಳಿ ಬಂದಳು. ಮೂವರೂ ಒಂದೇ ಮಾತು ಹೇಳಿದ್ದರಿಂದ ಅವನ ಅನುಮಾನ ಇನ್ನೂ ಹೆಚ್ಚಿತು; ಕಾಲು ತೆಗೆಸಲು ಒಪ್ಪಲಿಲ್ಲ. ಐದನೆಯ ದಿನ ಅವನು ಸತ್ತ.

"ಅಯ್ಯೋ ಪಾಪ" ಎಂದ ಶಿಷ್ಯ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ನೀನು ಯಾರಿಂದ ಏನನ್ನು ಮುಚ್ಚಿಟ್ಟು ಇಲ್ಲಿಗೆ ಬಂದೆ, ಮಗು?"