ಐಸೋರ್ ಎಂಬ ಚೀಟಿ

ಹೊಳೆದಂಡೆಯ ಮಠದಲ್ಲಿ ಮರುಳಾರಾಧ್ಯರು ಇಂಗ್ಲಿಷ್-ಕನ್ನಡ ನಿಘಂಟು ಕಟ್ಟುತ್ತಿದ್ದರು. ಶಿಷ್ಯರು ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆಯಬೇಕು. ಅರ್ಥ, ಬಳಕೆ, ಒಂದು ಉದಾಹರಣೆ.

ಅಲ್ಲಿ ಒಂದು ಕಟ್ಟಳೆಯಿತ್ತು. ಉದಾಹರಣೆ ಯಾವುದರ ಬಗ್ಗೆಯೋ ಅದರ ಮುಂದೆ ನಿಂತು, ಅದರ ಒಡೆಯರು ಕೇಳುವಂತೆ ಓದಬೇಕು. ಆಮೇಲೆ ಚೀಟಿ ಪೆಟ್ಟಿಗೆಗೆ. ಗುರುಗಳು ಒಪ್ಪದೆ ಮೂರು ಚೀಟಿ ತಿರುಗಿ ಬಂದರೆ ಶಿಷ್ಯ ಗಂಟುಮೂಟೆ ಕಟ್ಟಿ ಊರ ದಾರಿ ಹಿಡಿಯಬೇಕು.

ಶಿಷ್ಯರಲ್ಲೊಬ್ಬನಾದ ಅಡವೀಶನವು ಆಗಲೇ ಎರಡು ತಿರುಗಿ ಬಂದಿದ್ದವು. ಮಠ ಬಿಡುವುದೆಂದರೆ ಅವನಿಗೆ ಜೀವ ಹೋದಷ್ಟು ಸಂಕಟ. ಅಂಥವನ ಪಾಲಿಗೆ ಆ ದಿನ ಬಂದ ಪದ ಐಸೋರ್.

ಅರ್ಥವನ್ನೇನೋ ಸೊಗಸಾಗಿ ಬರೆದ: ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿದ್ದು, ನೋಡಿದವರ ಕಣ್ಣು ನೋಯುವಷ್ಟು ಕುರೂಪವಾದ ವಸ್ತು. ಉದಾಹರಣೆ ಹೊಳೆಯದೆ ತಲೆ ಕೆರೆದುಕೊಂಡು ಕಿಟಕಿಯಾಚೆ ನೋಡಿದ. ದಂಡೆಯಲ್ಲಿ, ಜನರನ್ನು ಹೊಳೆ ದಾಟಿಸುವ ಹುಲಿಗೆವ್ವನ ಹರಿಗೋಲು ಬೋರಲು ಬಿದ್ದಿತ್ತು. ಮೈತುಂಬ ತೇಪೆ, ಡಾಂಬರಿನ ಮೆತ್ತೆ, ಗೊಬ್ಬರದ ಚೀಲದ ಚೂರು. ಸಿಕ್ಕಿತಲ್ಲ ಅಂತ ಪುಣ್ಯಾತ್ಮ ಇಂಗ್ಲಿಷಿನಲ್ಲಿ ಬರೆದೇಬಿಟ್ಟ, ಹುಲಿಗೆವ್ವನ ಹರಿಗೋಲು ನಮ್ಮ ದಂಡೆಗೊಂದು ಐಸೋರ್ ಎಂದು. ಕಟ್ಟಳೆ ನೆನಪಾದದ್ದು ಮಸಿ ಒಣಗಿದ ಮೇಲೆ.

ಗುರುಗಳು ಅವನನ್ನು ಕರೆದುಕೊಂಡೇ ದಂಡೆಗಿಳಿದರು. ಹುಲಿಗೆವ್ವ ಹರಿಗೋಲಿನ ತಳ ತಡವಿ ನೋಡುತ್ತಿದ್ದಳು. ಅಡವೀಶ ಚೀಟಿಯನ್ನು ಗಡಬಡಿಸಿ ಓದಿದ. ಆಕೆ ಮಂತ್ರವೇನೋ ಅಂದುಕೊಂಡು ಕೈಮುಗಿದು ಕೇಳಿದಳು.

"ನಮ್ಮ ಮಾತಿನ್ಯಾಗ ಹೇಳು ತಮ್ಮಾ."

ಅಡವೀಶ ಗುರುಗಳ ಮುಖ ನೋಡಿದ. ಅವರು ಹೊಳೆ ನೋಡುತ್ತಿದ್ದರು. ಏನೋ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಮೆಚ್ಚಬೇಕು, ಅವನು ಹಾಗೆ ಮಾಡಲಿಲ್ಲ.

"ನಿನ್ನ ಹರಿಗೋಲು ನೋಡಿದ್ರ ಕಣ್ಣು ನೋಯ್ತಾವ, ಅಷ್ಟು ಕೆಟ್ಟದಾಗಿ ಕಾಣ್ತೈತಿ ಅಂತ ಬರದೀನಿ ಯವ್ವಾ."

ಹುಲಿಗೆವ್ವ ಬೇಸರಪಟ್ಟುಕೊಳ್ಳಲಿಲ್ಲ. ಇರಬಹುದಪ್ಪ, ನಾನೀಗ ಆಚೆ ದಂಡೆಗೆ ಹೊರಟಿದ್ದೇನೆ, ಹತ್ತಿ ಕೂಡು ಅಂದಳು. ಹರಿಗೋಲನ್ನು ಮಗುಚಿ ನೀರಿಗಿಳಿಸಿದ ಮೇಲೆ ಗುರುಗಳೂ ಹತ್ತಿದರು.

ನಡುಹೊಳೆಯಲ್ಲಿ ಸೆಳವು ಜೋರಾಗಿತ್ತು. ಹುಲಿಗೆವ್ವ ಒಂದೇ ಹುಟ್ಟಿನಲ್ಲಿ ಬಂಡೆ ತಪ್ಪಿಸುತ್ತ ಸಾಗಿದಳು. ಹೆದರಿದ ಅಡವೀಶ ತಳಕ್ಕೆ ಅಂಗೈ ಊರಿದ. ಒಂದು ಹನಿ ನೀರಿಲ್ಲ, ಒಣಗಿದ ನೆಲದಂತಿತ್ತು.

ಅವನು ಮೆಲ್ಲಗೆ ತೇಪೆಗಳ ಬಗ್ಗೆ ಕೇಳಿದ. ಆಕೆ ಹುಟ್ಟು ನಿಲ್ಲಿಸದೆ ಹೇಳುತ್ತ ಹೋದಳು. ಇದು ಕರೇಬಂಡೆ ಕೊರೆದದ್ದು, ಇದು ಮುಳುಗಿದ ಜಾಲಿ ಸಿಗಿದದ್ದು. ಆ ದೊಡ್ಡದು, ದಿನ ತುಂಬಿದ ಬಸುರಿಯನ್ನು ದಾಟಿಸುವಾಗ ಹರಿದದ್ದು. ಉಟ್ಟ ಸೀರೆಯ ಸೆರಗನ್ನೇ ಹರಿದು ತುರುಕಿದ್ದಳಂತೆ, ಡಾಂಬರು ಬಿದ್ದದ್ದು ಆಮೇಲೆ. ಎಷ್ಟು ತೇಪೆಯೋ ಅಷ್ಟು ಬಂಡೆ ಆಕೆಗೆ ಗುರುತು. ಮೂವತ್ತು ವರ್ಷದಲ್ಲಿ ಒಬ್ಬರನ್ನೂ ಹೊಳೆಗೆ ಬಿಟ್ಟವಳಲ್ಲ.

ಇಷ್ಟು ಚೆಂದದ್ದನ್ನು ತಾನು ಕಂಡೇ ಇಲ್ಲ ಅನ್ನಿಸಿತು ಅಡವೀಶನಿಗೆ. ಚೀಟಿಯನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದುಕೊಂಡ.

"ಅಜ್ಜಾರ, ಉದಾಹರಣೆ ತಪ್ಪೇತಿ. ಇದು ಮೂರನೇದು. ನಾಳೆ ಊರಿಗೆ ಹೊಂಡತೀನಿ."

ಗುರುಗಳು ಕೈಚಾಚಿ ಚೀಟಿ ಇಸಿದುಕೊಂಡರು. ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿ, ಇಡೀ ಓದಿ, ಅವನಿಗೇ ತಿರುಗಿ ಕೊಟ್ಟರು.

"ಅರ್ಥ ಸರಿ ಐತಿ. ಉದಾಹರಣೆ ಹೊಡದು ಹಾಕು. ಬಳಕೆ ಅಂತ ಇರೋ ಕಡೆ, ದಂಡಿ ಮ್ಯಾಲ ನಿಂತವರು ಆಡೋ ಮಾತು ಅಂತ ಬರದು ಪೆಟ್ಟಿಗೀಗೆ ಹಾಕು."